‘ಜನ’ ಅಂದರೆ ಯಾರು: ಜರ್ಮನಿಯ ಪಕ್ಷ ನಿಷೇಧದ ತಕರಾರು

ಜರ್ಮನಿಯ ಸುದ್ದಿಯನ್ನು ಆಗಾಗ ಓದುವವರಿಗೆ ಎಎಫ್‌ಡಿ (‘ಜರ್ಮನಿಗೆ ಪರ್ಯಾಯ’) ಎಂಬ ಬಲಪಂಥೀಯ ಪಕ್ಷದ ವಿಚಾರದಲ್ಲಿ ತಲೆ ಕೆಡುವುದು ಸಹಜ. 2025ರ ಮೇ 2ರಂದು ಅಲ್ಲಿನ ಆಂತರಿಕ ಗುಪ್ತಚರ ಸಂಸ್ಥೆ ಈ ಪಕ್ಷವನ್ನು ‘ಖಚಿತವಾಗಿ ಬಲಪಂಥೀಯ ಉಗ್ರವಾದಿ’ ಎಂದು ಸಾರಿತು. ಆರು ದಿನ ಕಳೆಯುವಷ್ಟರಲ್ಲಿ, ನ್ಯಾಯಾಲಯ ಮಧ್ಯಂತರ ಅರ್ಜಿಯನ್ನು ತೀರ್ಮಾನಿಸುವವರೆಗೆ ಆ ಮಾತನ್ನು ಬಹಿರಂಗವಾಗಿ ಆಡುವುದಿಲ್ಲ ಎಂದು ಅದೇ ಸಂಸ್ಥೆ ಬರೆದುಕೊಟ್ಟಿತು. ಜೂನ್ ಕೊನೆಗೆ ಆಡಳಿತ ಮೈತ್ರಿಕೂಟದ ಎಸ್‌ಪಿಡಿ (ಸೋಶಿಯಲ್ ಡೆಮಾಕ್ರಟಿಕ್ ಪಕ್ಷ), ನಿಷೇಧಕ್ಕೆ ತಯಾರಿ ನಡೆಸಬೇಕೆಂದು ತನ್ನ ಅಧಿವೇಶನದಲ್ಲಿ ಒಮ್ಮತದ ಗೊತ್ತುವಳಿ ಮಾಡಿತು. ಅದೇ ಕೂಟದ ಚಾನ್ಸಲರ್, ಅಂದರೆ ಸರ್ಕಾರದ ಮುಖ್ಯಸ್ಥ, ಫ್ರೀಡ್ರಿಶ್ ಮೆರ್ತ್ಸ್ ಮಾತ್ರ, ಇದರಲ್ಲಿ ಎದುರಾಳಿಯನ್ನು ಅಖಾಡದಿಂದಲೇ ಹೊರಗಟ್ಟುವ ವಾಸನೆ ಬರುತ್ತದೆ ಎಂದು ಅದಕ್ಕೂ ಮೊದಲೇ ಹೇಳಿಯಾಗಿತ್ತು.

ಹಾಗಾದರೆ ಪಕ್ಷ ನಿಷೇಧವಾಗಿದೆಯೇ? ಇಲ್ಲ. ನಿಷೇಧಿಸಲು ಕಾನೂನಿದೆಯೇ? ಇದೆ. 1 ಕೋಟಿಗೂ ಹೆಚ್ಚು ಮತ ಪಡೆದ ಪಕ್ಷದ ಮೇಲೆ ಅದನ್ನು ಬಳಸಬಹುದೇ ಎಂಬಲ್ಲಿಗೆ ಬಂದಾಗ ಜರ್ಮನರೇ ಇಬ್ಭಾಗವಾಗುತ್ತಾರೆ. ಇಡೀ ಜಗಳ ಕೊನೆಗೆ ಬಂದು ನಿಲ್ಲುವುದು ಒಂದು ಜರ್ಮನ್ ಪದದ ಮೇಲೆ: ‘ಫೋಲ್ಕ್’. ಕನ್ನಡದಲ್ಲಿ ಅದಕ್ಕೆ ‘ಜನ’ ಎಂದೂ ಹೇಳಬಹುದು, ‘ಜನಾಂಗ’ ಎಂದೂ ಹೇಳಬಹುದು. ತೊಡಕಿರುವುದೇ ಅಲ್ಲಿ.

ಹಣೆಪಟ್ಟಿ ಬೇರೆ, ನಿಷೇಧ ಬೇರೆ

ಮೊದಲು ಯಾರು ಏನು ಮಾಡಬಲ್ಲರು ಎಂಬುದನ್ನು ಬಿಡಿಸಿಕೊಳ್ಳೋಣ. ಆ ಗುಪ್ತಚರ ಸಂಸ್ಥೆಯ ಹೆಸರೇ ‘ಸಂವಿಧಾನ ರಕ್ಷಣಾ ಕಚೇರಿ’. 1950ರಲ್ಲಿ ಹುಟ್ಟಿದ್ದು, ಕಲೋನ್‌ನಲ್ಲಿದೆ, ಗೃಹ ಸಚಿವಾಲಯದ ಕೈಕೆಳಗೆ ಕೆಲಸ ಮಾಡುತ್ತದೆ. ಯಾರನ್ನೂ ಬಂಧಿಸುವ ಅಧಿಕಾರ ಅದಕ್ಕಿಲ್ಲ. ಗಮನಿಸುವುದು, ದಾಖಲಿಸುವುದು, ಎಚ್ಚರಿಸುವುದು, ಇಷ್ಟೇ ಅದರ ಕೆಲಸ. ಅದು ಸಂಘಟನೆಗಳನ್ನು ಮೂರು ಮೆಟ್ಟಿಲಲ್ಲಿ ಇಡುತ್ತದೆ: ಪರಿಶೀಲನೆ, ಶಂಕಿತ, ಖಚಿತ. ‘ಶಂಕಿತ’ ಮೆಟ್ಟಿಲಿನಿಂದಲೇ ಮಾಹಿತಿದಾರರನ್ನು ಒಳಗೆ ಬಿಡಬಹುದು, ಷರತ್ತಿನ ಮೇಲೆ ಫೋನ್ ಕದ್ದಾಲಿಸಬಹುದು. ಎಎಫ್‌ಡಿಗೆ ಹಚ್ಚಿದ್ದ ‘ಶಂಕಿತ’ ಪಟ್ಟಿ ಸರಿಯೆಂದು ಮ್ಯೂನ್‌ಸ್ಟರ್‌ನ ಉನ್ನತ ಆಡಳಿತ ನ್ಯಾಯಾಲಯ 2024ರ ಮೇ 13ರಂದು ತೀರ್ಪಿತ್ತಿತ್ತು. ‘ಖಚಿತ’ ಎಂದು ಮೇಲಿನ ಮೆಟ್ಟಿಲಿಗೆ ಏರಿಸಿದ್ದು ಸುಮಾರು 1,100 ಪುಟಗಳ ವರದಿಯ ಆಧಾರದ ಮೇಲೆ. ಅದರ ವಿರುದ್ಧ ಪಕ್ಷ ಕಲೋನ್‌ನ ಆಡಳಿತ ನ್ಯಾಯಾಲಯಕ್ಕೆ ಹೋಯಿತು. ಮೇ 8ರಂದು ಸಂಸ್ಥೆ ಬರೆದುಕೊಟ್ಟದ್ದು ಈ ಮೊಕದ್ದಮೆಯಲ್ಲಿ ಮಾಮೂಲಾಗಿ ಕೊಡುವ ಭರವಸೆ. ಅದನ್ನು ‘ಹಿಂದೆ ಸರಿದರು’ ಎಂದು ಓದಿದವರು ತಪ್ಪಾಗಿ ಓದಿದರು.

ಈ ಮೊಕದ್ದಮೆಯಲ್ಲಿ ಯಾರು ಗೆದ್ದರೂ ಪಕ್ಷ ಮುಚ್ಚುವುದಿಲ್ಲ. ನಿಷೇಧದ ದಾರಿಯೇ ಬೇರೆ. ಸಂವಿಧಾನದ 21ನೇ ವಿಧಿಯ ಪ್ರಕಾರ, ಗುರಿಯಿಂದಾಗಲಿ ಅನುಯಾಯಿಗಳ ನಡತೆಯಿಂದಾಗಲಿ ಮುಕ್ತ ಪ್ರಜಾಸತ್ತಾತ್ಮಕ ವ್ಯವಸ್ಥೆಯ ಬುಡ ಕಡಿಯಲು ಹೊರಟ ಪಕ್ಷ ಸಂವಿಧಾನಬಾಹಿರ. ಹಾಗೆಂದು ಹೇಳುವ ಅಧಿಕಾರ ಕಾರ್ಲ್ಸ್‌ರೂಹ ನಗರದ ಸಂವಿಧಾನ ನ್ಯಾಯಾಲಯವೊಂದಕ್ಕೇ. ಅರ್ಜಿ ಹಾಕಬಲ್ಲವರು ಮೂವರು: ಕೆಳಮನೆ ಬುಂಡೆಸ್ಟಾಗ್, ರಾಜ್ಯಗಳ ಮನೆ ಬುಂಡೆಸ್ರಾಟ್, ಕೇಂದ್ರ ಸರ್ಕಾರ. ವಿಚಾರಣೆ ಎಂಟು ನ್ಯಾಯಾಧೀಶರ ಪೀಠದಲ್ಲಿ. ನಿಷೇಧಕ್ಕೆ ಅದರಲ್ಲಿ ಆರು ಮಂದಿ ಒಪ್ಪಬೇಕು. ನಾಲ್ಕಕ್ಕೆ ನಾಲ್ಕು ಸಮವಾದರೂ ಪಕ್ಷ ಪಾರು, ಐದಕ್ಕೆ ಮೂರಾದರೂ ಪಾರು.

1933ರ ಗಾಯ

ಮತದಿಂದ ಬಂದವರನ್ನು ಕೋರ್ಟಿನಿಂದ ಹೊರಗಟ್ಟುವ ಇಂಥ ವಿಧಿ ಯಾಕೆ ಬಂತು? ಹಿಟ್ಲರ್ ಬಹುಮತ ಪಡೆದು ಗೆದ್ದ ಎಂಬ ಮಾತು ನಮ್ಮಲ್ಲಿ ಚಾಲ್ತಿಯಲ್ಲಿದೆ. ಹಾಗಲ್ಲ. ನಾಜಿ ಪಕ್ಷಕ್ಕೆ 1932ರ ಜುಲೈನಲ್ಲಿ ಶೇ 37.3 ಮತ, ಅದೇ ನವೆಂಬರಿನಲ್ಲಿ ಶೇ 33.1, ಅಂದರೆ ಇಳಿಮುಖ. ಆದರೂ 1933ರ ಜನವರಿ 30ರಂದು ಅಧ್ಯಕ್ಷ ಹಿಂಡೆನ್‌ಬುರ್ಗ್ ಅವನನ್ನು ಚಾನ್ಸಲರ್ ಮಾಡಿದರು. ಫೆಬ್ರುವರಿ 27ರ ರಾತ್ರಿ ಸಂಸತ್ ಭವನಕ್ಕೆ ಬೆಂಕಿ ಬಿತ್ತು. ಮರುದಿನ ಆಗಿನ ಸಂವಿಧಾನದ 48ನೇ ವಿಧಿಯಡಿ ಮೂಲಭೂತ ಹಕ್ಕುಗಳು ಅಮಾನತಾದವು. ಮಾರ್ಚ್ 5ರ ಚುನಾವಣೆಯಲ್ಲೂ ಅವನಿಗೆ ಸಿಕ್ಕಿದ್ದು ಶೇ 43.9. ಮಾರ್ಚ್ 23ರಂದು, ಕಮ್ಯುನಿಸ್ಟ್ ಸದಸ್ಯರೆಲ್ಲ ಜೈಲಿನಲ್ಲೋ ತಲೆಮರೆಸಿಕೊಂಡೋ ಇದ್ದಾಗ, ಶಾಸನ ಮಾಡುವ ಅಧಿಕಾರವನ್ನು ಸರ್ಕಾರಕ್ಕೇ ಒಪ್ಪಿಸುವ ಕಾಯ್ದೆ 444–94 ಮತಗಳಿಂದ ಪಾಸಾಯಿತು. ಎದುರು ಮತ ಹಾಕಿದ್ದು ಎಸ್‌ಪಿಡಿ ಒಂದೇ. ಜುಲೈ 14ಕ್ಕೆ ನಾಜಿ ಪಕ್ಷ ಬಿಟ್ಟು ಬೇರೆ ಪಕ್ಷ ಕಟ್ಟುವುದೇ ಅಪರಾಧವಾಯಿತು. ಐದೂವರೆ ತಿಂಗಳು, ಕಾಗದದ ಮೇಲೆ ಬಹುಪಾಲು ಕಾನೂನುಬದ್ಧ.

1949ರ ಮೇ 23ರಂದು ಜಾರಿಗೆ ಬಂದ ಸಂವಿಧಾನ ಈ ಐದೂವರೆ ತಿಂಗಳಿಗೆ ಬರೆದ ಉತ್ತರ. ಮಾನವ ಘನತೆ ಮತ್ತು ಪ್ರಜಾಪ್ರಭುತ್ವದ ಮೂಲತತ್ತ್ವಗಳನ್ನು ಎಷ್ಟೇ ಬಹುಮತವಿದ್ದರೂ ತಿದ್ದುವಂತಿಲ್ಲ ಎಂದು 79ನೇ ವಿಧಿಯ 3ನೇ ಖಂಡ ಬೀಗ ಹಾಕಿತು. ಈ ಬೀಗದ ಅಚ್ಚು ನಮ್ಮಲ್ಲಿಗೂ ಬಂದಿದೆ. ಹೈಡೆಲ್‌ಬರ್ಗ್‌ನ ಪ್ರಾಧ್ಯಾಪಕ ಡೀಟ್ರಿಶ್ ಕೊನ್ರಾಡ್ 1965ರಲ್ಲಿ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ, ತಿದ್ದುಪಡಿಯ ಅಧಿಕಾರಕ್ಕೂ ಒಳಗಿಂದೊಳಗೇ ಮಿತಿ ಇರುತ್ತದೆ ಎಂದು ವಾದಿಸಿದ್ದರು. ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮೀಜಿಯವರ ಹೆಸರಿನ 1973ರ ತೀರ್ಪಿನಲ್ಲಿ ನ್ಯಾಯಮೂರ್ತಿ ಎಚ್.ಆರ್. ಖನ್ನಾ ಆ ವಾದವನ್ನು ಉಲ್ಲೇಖಿಸಿದರು. ‘ಮೂಲ ಸಂರಚನೆ’ ಎಂದು ನಾವು ಕರೆಯುವ ತತ್ತ್ವದ ಒಂದು ಬೇರು ಜರ್ಮನಿಯಲ್ಲಿದೆ.

ಆದರೆ ಪಕ್ಷ ನಿಷೇಧ ಮೂಲ ಸಂರಚನೆಗಿಂತ ಒಂದು ಹೆಜ್ಜೆ ಮುಂದಿನದು. ಕಾನೂನು ಕೆಡುವವರೆಗೆ ಕಾಯುವುದಿಲ್ಲ. ಕೆಡಿಸಲು ಹೊರಟವರನ್ನೇ ತಡೆಯುತ್ತದೆ. ಹಾಗೆಂದು ಹಿಟ್ಲರ್‌ಗೆ ಮುಂಚಿನ ವೈಮಾರ್ ಗಣರಾಜ್ಯಕ್ಕೆ ಇಂಥ ಕಾನೂನು ಇರಲಿಲ್ಲ ಎಂದುಕೊಳ್ಳಬೇಡಿ. ಹಿಟ್ಲರ್ ನಡೆಸಿದ 1923ರ ಮ್ಯೂನಿಕ್ ದಂಗೆಯ ನಂತರ ನಾಜಿ ಪಕ್ಷ ನಿಷೇಧವಾಗಿತ್ತು. 1925ರ ಫೆಬ್ರುವರಿಯಲ್ಲಿ ಮತ್ತೆ ಬಾಗಿಲು ತೆರೆಯಿತು. ಈಗ ನಿಷೇಧ ಬೇಕೆನ್ನುವವರು ಈ ಭಾಗವನ್ನು ಸಾಮಾನ್ಯವಾಗಿ ಮೆಲುದನಿಯಲ್ಲಿ ಹೇಳುತ್ತಾರೆ.

ಎರಡು ಗೆಲುವು, ಎರಡು ಪಾಠ

ಇಲ್ಲಿಯವರೆಗೆ ನಿಷೇಧವಾದ ಪಕ್ಷಗಳು ಎರಡೇ. 1952ರ ಅಕ್ಟೋಬರ್ 23ರಂದು, ನಾಜಿ ಪಕ್ಷದ ಹಳೆಯ ಮುಖಗಳಿದ್ದ ಎಸ್‌ಆರ್‌ಪಿ. ಹಿಂದಿನ ವರ್ಷ ಲೋವರ್ ಸಾಕ್ಸೋನಿ ರಾಜ್ಯದಲ್ಲಿ ಅದು ಶೇ 11 ಮತ ಪಡೆದಿತ್ತು. 1956ರ ಆಗಸ್ಟ್ 17ರಂದು ಕಮ್ಯುನಿಸ್ಟ್ ಪಕ್ಷ. ಅರ್ಜಿ ಬಿದ್ದದ್ದು 1951ರಲ್ಲಿ, ತೀರ್ಪಿಗೆ ಸುಮಾರು ಐದು ವರ್ಷ. ಅಷ್ಟರಲ್ಲಿ ಆ ಪಕ್ಷದ ಮತ ಶೇ 5.7ರಿಂದ 2.2ಕ್ಕೆ ಇಳಿದಿತ್ತು. 1968ರಲ್ಲಿ ಅದೇ ವಿಚಾರದವರು ಹೊಸ ಹೆಸರಲ್ಲಿ ಮತ್ತೊಂದು ಪಕ್ಷ ಕಟ್ಟಿಕೊಂಡರು.

ಇಂದಿನ ವಕೀಲರು ಹೆಚ್ಚು ಓದುವುದು ಎನ್‌ಪಿಡಿ ಎಂಬ ನವನಾಜಿ ಪಕ್ಷದ ಕಡತಗಳನ್ನು. ಮೊದಲ ಪ್ರಯತ್ನ 2003ರ ಮಾರ್ಚ್ 18ರಂದು ಮುಗ್ಗರಿಸಿತು. ಕಾರಣ ಕೇಳಿದರೆ ನಗು ಬರುತ್ತದೆ: ಪಕ್ಷದ ಮುಂದಾಳುಗಳಲ್ಲಿ ಸರಿಸುಮಾರು ಏಳರಲ್ಲೊಬ್ಬ ಸರ್ಕಾರದ ಸಂಬಳ ತಿನ್ನುವ ಮಾಹಿತಿದಾರ. ಸಾಕ್ಷ್ಯವಾಗಿ ಕೊಟ್ಟ ದ್ವೇಷದ ಭಾಷಣದಲ್ಲಿ ಪಕ್ಷದ್ದೆಷ್ಟು, ಸರ್ಕಾರದ್ದೆಷ್ಟು? ಏಳು ನ್ಯಾಯಾಧೀಶರಲ್ಲಿ ಮೂವರು ವಿಚಾರಣೆ ಮುಂದುವರಿಸಲಾಗದು ಎಂದರು. ಬೇಕಾದ ಆರು ಮತ ಸಿಗುವಂತಿರಲಿಲ್ಲ, ಕಟ್ಟು ಅಲ್ಲಿಗೆ ಮುಚ್ಚಿತು. ಅಂದಿನಿಂದ ನಿಯಮ ಬಿಗಿ. ಅರ್ಜಿಗೆ ಮೊದಲೇ ಪಕ್ಷದ ನಾಯಕತ್ವದಲ್ಲಿರುವ ಮಾಹಿತಿದಾರರನ್ನೆಲ್ಲ ಹೊರಗೆಳೆಯಬೇಕು. ಸಾಕ್ಷ್ಯದ ಪ್ರತಿ ಸಾಲೂ ಅವರ ಬಾಯಿಂದ ಬಂದದ್ದಲ್ಲ ಎಂದು ತೋರಿಸಬೇಕು. ಅಂದರೆ ಆಪಾದನೆ ಹೊರಿಸಿದ ಗಳಿಗೆಯಿಂದಲೇ ಸರ್ಕಾರ ತನ್ನ ಒಳಗಣ್ಣನ್ನು ತಾನೇ ಮುಚ್ಚಿಕೊಳ್ಳಬೇಕು.

ಎರಡನೇ ಪ್ರಯತ್ನದಲ್ಲಿ ರಾಜ್ಯಗಳು ಈ ಎಚ್ಚರವನ್ನೆಲ್ಲ ವಹಿಸಿದವು. 2017ರ ಜನವರಿ 17ರ ತೀರ್ಪು ಇನ್ನೂ ವಿಚಿತ್ರ. ಎನ್‌ಪಿಡಿಯ ಗುರಿ ಸಂವಿಧಾನ ವಿರೋಧಿ, ನಾಜಿವಾದದ ಸಗೋತ್ರ ಎಂದು ನ್ಯಾಯಾಲಯ ಒಪ್ಪಿತು. ನಿಷೇಧ ಮಾತ್ರ ಇಲ್ಲ. 6,000ಕ್ಕಿಂತ ಕಡಿಮೆ ಸದಸ್ಯರಿರುವ ಪಕ್ಷ ಆ ಗುರಿ ಮುಟ್ಟುವ ಲಕ್ಷಣವೇ ಇಲ್ಲವಲ್ಲ! ಇಲ್ಲಿಂದಲೇ ಈಗಿನ ಇಕ್ಕಟ್ಟು. ಪಕ್ಷ ಚಿಕ್ಕದಿದ್ದಾಗ ನಿಷೇಧಿಸಲು ಕಾನೂನು ಬಿಡುವುದಿಲ್ಲ, ದೊಡ್ಡದಾದ ಮೇಲೆ ರಾಜಕೀಯ ಬಿಡುವುದಿಲ್ಲ.

ಆ ತೀರ್ಪಿನ ಬೆನ್ನಿಗೇ ಸಂವಿಧಾನ ತಿದ್ದಿ ಒಂದು ನಡುದಾರಿ ಮಾಡಿದರು: ಪಕ್ಷ ಇರಲಿ, ಸರ್ಕಾರದ ಹಣ ನಿಲ್ಲಲಿ. ಜರ್ಮನಿಯಲ್ಲಿ ಪಕ್ಷಗಳಿಗೆ ಪಡೆದ ಪ್ರತಿ ಮತಕ್ಕೆ ಸುಮಾರು 1 ಯೂರೊ, ಸಣ್ಣ ದೇಣಿಗೆಯ ಪ್ರತಿ ಯೂರೊಗೆ 45 ಸೆಂಟ್ ಬೊಕ್ಕಸದಿಂದ ಸಿಗುತ್ತದೆ. ಈ ದಾರಿ ಮೊದಲ ಸಲ ಬಳಕೆಯಾದದ್ದು ಹೆಸರು ಬದಲಿಸಿಕೊಂಡಿದ್ದ ಅದೇ ಎನ್‌ಪಿಡಿಯ ಮೇಲೆ, 2024ರ ಜನವರಿ 23ರಂದು. ಆರು ವರ್ಷಕ್ಕೆ ಹಣ ಬಂದ್.

ಎರಡರ್ಥದ ಪದ

ಎಎಫ್‌ಡಿ ಹುಟ್ಟಿದ್ದು ವಲಸೆಯ ಸಿಟ್ಟಿನಿಂದಲ್ಲ. 2013ರಲ್ಲಿ ಯೂರೊ ಬಳಸುವ ಸಾಲಗ್ರಸ್ತ ದೇಶಗಳಿಗೆ ಕೊಟ್ಟ ನೆರವಿನ ಪ್ಯಾಕೇಜುಗಳನ್ನು ವಿರೋಧಿಸಿದ ಅರ್ಥಶಾಸ್ತ್ರಜ್ಞರ ಪಕ್ಷ ಅದು. ಆ ಚುನಾವಣೆಯಲ್ಲಿ ಶೇ 4.7 ಪಡೆದು, ಸಂಸತ್ ಪ್ರವೇಶಕ್ಕೆ ಬೇಕಾದ ಶೇ 5ರ ಗೆರೆ ದಾಟಲಾಗದೆ ಹೊರಗುಳಿಯಿತು. 2015ರಲ್ಲಿ ಸ್ಥಾಪಕರ ಗುಂಪು ಹೊರಬಿತ್ತು. ಅದೇ ವರ್ಷ ನಿರಾಶ್ರಿತರು ಲಕ್ಷಗಟ್ಟಲೆ ಬಂದರು. 2017ರಲ್ಲಿ ಶೇ 12.6, 2021ರಲ್ಲಿ 10.3, 2025ರ ಫೆಬ್ರುವರಿಯಲ್ಲಿ 20.8. ಆ ಚುನಾವಣೆಯಲ್ಲಿ ಗೆದ್ದದ್ದು 630ರಲ್ಲಿ 152 ಸ್ಥಾನ.

ಅದರ ಮೇಲಿನ ಮುಖ್ಯ ಆಪಾದನೆ ವಲಸೆಯನ್ನು ವಿರೋಧಿಸುತ್ತದೆ ಎಂಬುದಲ್ಲ. ಗಡಿ ಮುಚ್ಚಿ ಎನ್ನುವುದು ಯಾವ ಪಕ್ಷಕ್ಕೂ ತಪ್ಪಲ್ಲ. ಆಪಾದನೆ ಇದು: ಜರ್ಮನ್ ಪಾಸ್‌ಪೋರ್ಟ್ ಇರುವವರಲ್ಲೇ ವಂಶ ನೋಡಿ ಮೇಲು ಕೀಳು ಮಾಡುತ್ತದೆ. ಇಸ್ತಾಂಬುಲ್ ಮೂಲದ ತಾತನ ಮೊಮ್ಮಗಳು ಬರ್ಲಿನ್ನಿನಲ್ಲಿ ಹುಟ್ಟಿ, ತೆರಿಗೆ ಕಟ್ಟಿ, ಮತ ಹಾಕಿದರೂ ‘ಫೋಲ್ಕ್’ನ ಒಳಗಿನವಳಲ್ಲ ಎಂಬ ನೋಟ. ‘ಫೋಲ್ಕ್’ ಎಂದರೆ ಪೌರರ ಸಮುದಾಯ ಎಂದು ಓದಿದರೆ ಅವಳು ಒಳಗೆ, ಕುಲ ಎಂದು ಓದಿದರೆ ಹೊರಗೆ. ಸಂವಿಧಾನದ ಮಟ್ಟಿಗೆ ಎರಡನೇ ಓದು ಮಾನವ ಘನತೆಯ ಉಲ್ಲಂಘನೆ.

ಮ್ಯೂನ್‌ಸ್ಟರ್ ನ್ಯಾಯಾಲಯ ಇಲ್ಲಿ ಸೂಕ್ಷ್ಮವಾದ ಗೆರೆ ಎಳೆದಿದೆ. ಜನಾಂಗ, ಮೂಲ ಎಂದು ವಿವರಣೆಗಾಗಿ ಮಾತಾಡುವುದು ತಪ್ಪಲ್ಲ. ವಲಸೆ ಮೂಲದ ಪೌರರ ಸಮಾನ ಸ್ಥಾನಮಾನ ಕಸಿಯುವ ರಾಜಕೀಯ ಗುರಿ ಅದಕ್ಕೆ ಸೇರಿದರೆ ತಪ್ಪು. ‘ರೆಮಿಗ್ರೇಷನ್’ ಎಂಬ ಪದದ ಸುತ್ತ ಅಷ್ಟು ಗದ್ದಲವೇಳುವುದು ಇದಕ್ಕೇ. ವೀಸಾ ಮುಗಿದವರನ್ನು ವಾಪಸು ಕಳಿಸುವುದಷ್ಟೇ ಅದರ ಅರ್ಥವೆಂದರೆ ಕಾನೂನಿನ ಚೌಕಟ್ಟಿನೊಳಗೆ. ಪೌರರನ್ನೂ ಸೇರಿಸಿದರೆ ಹೊರಗೆ. ಪಕ್ಷ ಹೇಳಿಕೊಳ್ಳುವುದು ಮೊದಲ ಅರ್ಥವನ್ನು, ಗುಪ್ತಚರ ಸಂಸ್ಥೆ ಪುಟಗಟ್ಟಲೆ ಸಂಗ್ರಹಿಸಿರುವುದು ಎರಡನೆಯದನ್ನು.

ಎಎಫ್‌ಡಿಯ ಬೆಂಬಲಿಗರ ಬಳಿ ಒಂದು ಎದುರೇಟೂ ಇದೆ, ತಳ್ಳಿಹಾಕುವಂಥದ್ದಲ್ಲ. ರಕ್ತದ ಲೆಕ್ಕವನ್ನು ಜರ್ಮನ್ ರಾಜ್ಯವೇ ಬಹುಕಾಲ ಇಟ್ಟುಕೊಂಡಿತ್ತು. 1913ರ ಪೌರತ್ವ ಕಾಯ್ದೆಯ ಪ್ರಕಾರ ಜರ್ಮನ್ ತಂದೆಯ ಮಗು ಜರ್ಮನ್. ಹುಟ್ಟಿದ ನೆಲಕ್ಕೆ ಲೆಕ್ಕವಿಲ್ಲ. 1955ರಲ್ಲಿ ಇಟಲಿಯೊಡನೆ, 1961ರಲ್ಲಿ ಟರ್ಕಿಯೊಡನೆ ಕಾರ್ಮಿಕರಿಗಾಗಿ ಒಪ್ಪಂದವಾಯಿತು. ಬಂದವರನ್ನು ‘ಅತಿಥಿ ಕಾರ್ಮಿಕ’ ಎಂದರು, ಅತಿಥಿ ಎಂದರೆ ಹೊರಡುವವನು ಎಂದರ್ಥ. 1973ರಲ್ಲಿ ನೇಮಕಾತಿ ನಿಂತಾಗ ಹಲವರು ಹೊರಡಲಿಲ್ಲ. ಹೋದರೆ ಮರಳಿ ಬರಲಾಗದು ಎಂದು ಹೆಂಡತಿ ಮಕ್ಕಳನ್ನೇ ಕರೆಸಿಕೊಂಡರು. ತಡೆಯಲು ಹಾಕಿದ ಕಟ್ಟೆಯೇ ನೆಲೆಯೂರಲು ಕಾರಣವಾಯಿತು. 1990ರ ದಶಕದಲ್ಲಿ ಕಜಕ್‌ಸ್ತಾನದಿಂದ, ರಷ್ಯಾದಿಂದ ಬಂದ ಜರ್ಮನ್ ಮೂಲದವರಿಗೆ, ಭಾಷೆ ಬಾರದಿದ್ದರೂ, ಪೌರತ್ವ ಸಲೀಸಾಗಿ ಸಿಕ್ಕಿತು. ಬರ್ಲಿನ್ನಿನಲ್ಲೇ ಹುಟ್ಟಿದ ಟರ್ಕಿ ಮೂಲದ ಹುಡುಗ ಅರ್ಜಿ ಹಿಡಿದು ಸಾಲಿನಲ್ಲಿ ನಿಂತ. ನೆಲದ ಮೇಲೆ ಹುಟ್ಟಿದ್ದಕ್ಕೆ ಪೌರತ್ವ ಎಂಬ ತತ್ತ್ವ, ಅದೂ ಷರತ್ತಿನ ಮೇಲೆ, ಬಂದದ್ದು 2000ದಲ್ಲಿ. ಎರಡು ಪಾಸ್‌ಪೋರ್ಟ್ ಇಟ್ಟುಕೊಳ್ಳುವ ಅವಕಾಶ ಎಲ್ಲರಿಗೂ ಸಿಕ್ಕಿದ್ದು 2024ರ ಜೂನ್ 27ರಿಂದ. ಭಾರತದ ಕಾನೂನು ಬಿಡದ ಕಾರಣ ಅಲ್ಲಿರುವ ಕನ್ನಡಿಗರಿಗೆ ಅದರಿಂದ ಲಾಭವಿಲ್ಲ, ಅದು ಬೇರೆ ಮಾತು.

ಸಂಸತ್ ಭವನದ ಮುಂಬಾಗಿಲ ಮೇಲೆ ‘ಜರ್ಮನ್ ಜನರಿಗೆ’ ಎಂಬ ಕಂಚಿನ ಅಕ್ಷರಗಳಿವೆ. ನೆಪೋಲಿಯನ್ ವಿರುದ್ಧದ ಯುದ್ಧದಲ್ಲಿ ಸಿಕ್ಕ ಫಿರಂಗಿಗಳನ್ನು ಕರಗಿಸಿ 1916ರಲ್ಲಿ ಅವನ್ನು ಎರಕ ಹೊಯ್ದದ್ದು ಲೋವಿ ಎಂಬ ಯೆಹೂದಿ ಕುಟುಂಬದ ಕಾರ್ಖಾನೆ. ಆ ಕುಟುಂಬದವರು ಹಲವರನ್ನು ಮುಂದೆ ನಾಜಿಗಳು ಕೊಂದರು. ಅಕ್ಷರ ಎರೆದವರೇ ‘ಫೋಲ್ಕ್’ನ ಹೊರಗಾದರು. ಅದೇ ಕಟ್ಟಡದ ಒಳ ಅಂಗಳದಲ್ಲಿ ಈಗ ಮಣ್ಣು ತುಂಬಿದ ದೊಡ್ಡ ತೊಟ್ಟಿಯಿದೆ, ನಡುವೆ ‘ನಿವಾಸಿಗಳಿಗೆ’ ಎಂಬ ಹೊಳೆಯುವ ಅಕ್ಷರಗಳು. ಕಲಾವಿದ ಹಾನ್ಸ್ ಹಾಕೆಯ ಕೃತಿ. ಸಂಸದರು ತಮ್ಮ ತಮ್ಮ ಕ್ಷೇತ್ರದ ಮಣ್ಣು ತಂದು ಅದಕ್ಕೆ ಸುರಿಯುತ್ತಾರೆ, ತಾನಾಗಿ ಬಂದ ಗಿಡಗಂಟಿ ಬೆಳೆಯುತ್ತದೆ. ‘ಜನ’ರ ಪಕ್ಕ ‘ನಿವಾಸಿ’ಗಳನ್ನು ಕೂರಿಸಬಹುದೇ ಎಂದು 2000ದ ಏಪ್ರಿಲ್‌ನಲ್ಲಿ ಬುಂಡೆಸ್ಟಾಗ್ ಮತಕ್ಕೆ ಹಾಕಿತು. 260–258. ಎರಡೇ ಮತಗಳ ಅಂತರ.

ಪೂರ್ವದ ಲೆಕ್ಕ

ಇದೇ ಪದಕ್ಕೆ ಪೂರ್ವ ಜರ್ಮನಿಯಲ್ಲಿ ಮೂರನೆಯದೊಂದು ನೆನಪಿದೆ. 1989ರ ಅಕ್ಟೋಬರ್ 9ರ ಸೋಮವಾರ ಲೈಪ್‌ಸಿಗ್‌ನ ಬೀದಿಗಳಲ್ಲಿ ಸುಮಾರು 70,000 ಮಂದಿ ‘ನಾವೇ ಜನ’ ಎಂದು ಕೂಗುತ್ತ ನಡೆದರು. ಜನರ ಹೆಸರಲ್ಲಿ ಆಳುತ್ತಿದ್ದ ಕಮ್ಯುನಿಸ್ಟ್ ಸರ್ಕಾರಕ್ಕೆ ಹೇಳಿದ ಮಾತು ಅದು. ಕೆಲವೇ ವಾರಗಳಲ್ಲಿ ಘೋಷಣೆ ‘ನಾವು ಒಂದೇ ಜನ’ ಎಂದಾಯಿತು. ಒಂದು ಪದ ಬದಲಾಗಿ ಪ್ರಜಾಪ್ರಭುತ್ವದ ಬೇಡಿಕೆ ಏಕೀಕರಣದ ಬೇಡಿಕೆಯಾಯಿತು.

ಮುಂದಿನದು ಅವಸರದಲ್ಲಿ ನಡೆಯಿತು. 1990ರ ಜುಲೈ 1ರಂದು ಪೂರ್ವದ ಸಂಬಳಗಳನ್ನು ಒಂದಕ್ಕೊಂದು ದರದಲ್ಲಿ ಪಶ್ಚಿಮದ ಮಾರ್ಕಿಗೆ ಬದಲಿಸಿದರು. ಉಳಿತಾಯಕ್ಕೆ ವಯಸ್ಸಿನ ಪ್ರಕಾರ 2,000ದಿಂದ 6,000 ಮಾರ್ಕ್ ತನಕ ಇದೇ ದರ, ಮಿಕ್ಕದ್ದು ಎರಡಕ್ಕೊಂದು. ಕೈಗೆ ಗಟ್ಟಿ ಹಣ ಬಂದ ಖುಷಿ ದೊಡ್ಡದೇ. ಆದರೆ ಕಾರ್ಖಾನೆಗಳ ಕೂಲಿ ಖರ್ಚು ರಾತ್ರೋರಾತ್ರಿ ಅದೇ ಗಟ್ಟಿ ಹಣಕ್ಕೆ ಏರಿತು. ಉತ್ಪಾದಕತೆ ಪಶ್ಚಿಮದ ಅರ್ಧವನ್ನೂ ಮುಟ್ಟಿರಲಿಲ್ಲ. ಸೋವಿಯತ್ ಬಣದ ಗಿರಾಕಿಗಳ ಬಳಿ ಮಾರ್ಕ್ ಇರಲಿಲ್ಲ. ಊರಿನ ಅಂಗಡಿಗಳಲ್ಲೇ ಪಶ್ಚಿಮದ ಸರಕು ತುಂಬಿತು. ಟ್ರಾಯ್‌ಹಾಂಡ್ ಎಂಬ ಸಂಸ್ಥೆ ಸುಮಾರು 8,000 ಸರ್ಕಾರಿ ಉದ್ದಿಮೆಗಳನ್ನು, ಅವುಗಳ 40 ಲಕ್ಷ ಕೆಲಸಗಾರರ ಸಮೇತ ವಹಿಸಿಕೊಂಡು ಮಾರಲು, ಮುಚ್ಚಲು ತೊಡಗಿತು. 1994ರ ಕೊನೆಗೆ ಅದು ಬಾಗಿಲು ಹಾಕುವಾಗ ಉಳಿದಿದ್ದ ಕೆಲಸ ಸುಮಾರು 15 ಲಕ್ಷ. ಮಕ್ಕಳು ಹುಟ್ಟುವುದೇ ನಿಂತಿತೇನೋ ಎನ್ನುವ ಹಾಗೆ 1994ರಲ್ಲಿ ಪೂರ್ವದ ಜನನ ದರ ಮಹಿಳೆಗೆ 0.8ರ ಆಸುಪಾಸಿಗೆ ಇಳಿಯಿತು. ಓದಿದ ಯುವತಿಯರು ಮೊದಲು ಪಶ್ಚಿಮಕ್ಕೆ ಹೋದರು.

ಇನ್ನೊಂದು ಗಾಯ ಕಾಗದದ ಮೇಲಿನದು. ಎರಡು ಜರ್ಮನಿ ಸೇರಿ ಹೊಸ ಸಂವಿಧಾನ ಬರೆದು ಜನಮತಕ್ಕೆ ಹಾಕುವ ದಾರಿ 146ನೇ ವಿಧಿಯಲ್ಲಿತ್ತು. ಅದನ್ನು ಬಿಟ್ಟು, ಹಳೆಯ 23ನೇ ವಿಧಿಯಡಿ ಪೂರ್ವವನ್ನು ‘ಸೇರಿಸಿಕೊಂಡರು’. ‘ನಾವೇ ಜನ’ ಎಂದು ಕೂಗಿದವರನ್ನು ಸಂವಿಧಾನದ ಬಗ್ಗೆ ಯಾರೂ ಕೇಳಲಿಲ್ಲ. ಈಗ ಅದೇ ಸಂವಿಧಾನದ ಹೆಸರಲ್ಲಿ ಅವರು ಆರಿಸಿದ ಪಕ್ಷವನ್ನು ಮುಚ್ಚುತ್ತೇವೆ ಎಂದರೆ ಅದು ಅಲ್ಲಿ ಹೇಗೆ ಕೇಳಿಸೀತು? ಪೂರ್ವದ ಮೆರವಣಿಗೆಗಳಲ್ಲಿ 1989ರ ಘೋಷಣೆ ಮತ್ತೆ ಮೊಳಗುತ್ತಿದೆ, ಈ ಸಲ ವಲಸಿಗರ ವಿರುದ್ಧ. 2024ರ ಸೆಪ್ಟೆಂಬರಿನಲ್ಲಿ ಥುರಿಂಗಿಯದಲ್ಲಿ ಎಎಫ್‌ಡಿಗೆ ಶೇ 32.8, ಸಾಕ್ಸೋನಿಯಲ್ಲಿ 30.6. ಹಾಗೆಂದು ಇದನ್ನು ಪೂರ್ವದ ಕಾಯಿಲೆ ಎಂದು ಪಕ್ಕಕ್ಕಿಡುವಂತಿಲ್ಲ. ಜನಸಂಖ್ಯೆ ಪಶ್ಚಿಮದಲ್ಲಿ ಹೆಚ್ಚಿರುವುದರಿಂದ ಆ ಪಕ್ಷದ ಒಟ್ಟು ಮತಗಳಲ್ಲಿ ದೊಡ್ಡ ಪಾಲು ಅಲ್ಲಿಂದಲೇ ಬರುತ್ತದೆ.

ಅರ್ಜಿ ಹಾಕಿದರೆ, ಹಾಕದಿದ್ದರೆ

ನಿಷೇಧ ಬೇಕೆನ್ನುವವರ ವಾದ ನೇರ: ಸಂವಿಧಾನ ಕೊಟ್ಟ ಆಯುಧವನ್ನು ಅಪಾಯ ದೊಡ್ಡದಾದಾಗಲೇ ಬಳಸದಿದ್ದರೆ ಯಾವಾಗ ಬಳಸುವುದು? ತೀರ್ಮಾನಿಸುವುದು ಹೇಗೂ ನ್ಯಾಯಾಲಯ, ಸರ್ಕಾರವಲ್ಲ. ಬೇಡವೆನ್ನುವವರಿಗೆ ಸೋಲಿನ ಭಯ. 2025ರ ಜೂನ್ 24ರಂದು ಕೇಂದ್ರ ಆಡಳಿತ ನ್ಯಾಯಾಲಯ ತೀವ್ರ ಬಲಪಂಥೀಯ ಮಾಸಿಕವೊಂದರ ಮೇಲಿನ ನಿಷೇಧ ರದ್ದು ಮಾಡಿತು. ಅದರಲ್ಲಿ ಘನತೆಗೆ ವಿರುದ್ಧವಾದ ಬರಹವಿದೆ, ಆದರೆ ಇಡೀ ಪತ್ರಿಕೆಯ ಸ್ವರೂಪವೇ ಅದಾಗಿದೆ ಎನ್ನುವಷ್ಟಿಲ್ಲ ಎಂದಿತು. ಒಂದು ಪತ್ರಿಕೆಗೇ ಇಷ್ಟು ಎತ್ತರದ ಹೊಸ್ತಿಲಾದರೆ ಪಕ್ಷಕ್ಕೆ ಎಷ್ಟು? ಕಾರ್ಲ್ಸ್‌ರೂಹದಲ್ಲಿ ಗೆದ್ದು ಬಂದ ಎಎಫ್‌ಡಿ ಮುಂದಿನ ಚುನಾವಣೆಗೆ ಆ ತೀರ್ಪನ್ನೇ ಪೋಸ್ಟರ್ ಮಾಡಿಕೊಳ್ಳುತ್ತದೆ.

ನಿಷೇಧವಾಗಿಯೇ ಬಿಟ್ಟರೆ? ಪಕ್ಷ ವಿಸರ್ಜನೆ, ಆಸ್ತಿ ಮುಟ್ಟುಗೋಲು, ಬದಲಿ ಸಂಘಟನೆಗೂ ತಡೆ. ಸಂಸದರ ಸದಸ್ಯತ್ವ ಹೋಗುತ್ತದೆ. ಕ್ಷೇತ್ರದಿಂದಲ್ಲದೆ ಪಕ್ಷದ ಪಟ್ಟಿಯಿಂದ ಬಂದವರ ಕುರ್ಚಿಗಳು ಖಾಲಿಯೇ ಉಳಿಯುತ್ತವೆ. ಸಂಸತ್ತಿನ ದೊಡ್ಡದೊಂದು ಭಾಗ ಖಾಲಿಯಾದ ಚಿತ್ರವನ್ನು ಕಲ್ಪಿಸಿಕೊಳ್ಳಿ. ಆ 1 ಕೋಟಿ ಮತದಾರರಂತೂ ಎಲ್ಲಿಗೂ ಹೋಗುವುದಿಲ್ಲ. ನನಗೆ ಕಾಣುವ ಮಟ್ಟಿಗೆ, ಒಟ್ಟು ಪಕ್ಷದ ಬದಲು ಪುರಾವೆ ಗಟ್ಟಿಯಿರುವ ರಾಜ್ಯ ಘಟಕಗಳಿಂದ ಅಥವಾ ಹಣ ನಿಲ್ಲಿಸುವ ಅರ್ಜಿಯಿಂದ ಆರಂಭಿಸಬೇಕೆನ್ನುವವರ ಮಾತಿನಲ್ಲಿ ಹೆಚ್ಚು ಹುರುಳಿದೆ. ಆದರೆ ಹಣ ನಿಲ್ಲಿಸುವ ಅರ್ಜಿಗೂ ಅದೇ ಆರು ನ್ಯಾಯಾಧೀಶರು ಬೇಕು.

ಸುಮ್ಮನಿದ್ದರೂ ಗಡಿಯಾರ ನಿಲ್ಲುವುದಿಲ್ಲ. ಥುರಿಂಗಿಯದಲ್ಲಿ ಎಎಫ್‌ಡಿಗೆ 88ರಲ್ಲಿ 32 ಸ್ಥಾನ, ಅಂದರೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು. ನ್ಯಾಯಾಧೀಶರ ನೇಮಕ ಸಮಿತಿ ರಚನೆಯಂತಹ ಮೂರನೇ ಎರಡರ ಬಹುಮತದ ಕೆಲಸ ಅದರ ಒಪ್ಪಿಗೆಯಿಲ್ಲದೆ ಸಾಗದು. ಸಾಕ್ಸೋನಿ-ಅನ್‌ಹಾಲ್ಟ್ ರಾಜ್ಯದ ಚುನಾವಣೆ ನಿಗದಿಯಾಗಿದ್ದು 2026ರ ಸೆಪ್ಟೆಂಬರ್ 6ಕ್ಕೆ. ಒಂದು ವರ್ಷ ಮೊದಲೇ ಸಮೀಕ್ಷೆಗಳು ಅಲ್ಲಿ ಎಎಫ್‌ಡಿಗೆ ಶೇ 40ರ ಸನಿಹ ತೋರಿಸಿದ್ದವು. ಶೇ 5ರ ಗೆರೆ ದಾಟದ ಸಣ್ಣ ಪಕ್ಷಗಳ ಮತ ಲೆಕ್ಕಕ್ಕೆ ಬಾರದ ಕಾರಣ, 45ರ ಆಸುಪಾಸಿಗೇ ಒಂಟಿ ಬಹುಮತ ಕೈಗೆಟಕಬಹುದು. ರಾಜ್ಯ ಸರ್ಕಾರ ಕೈಗೆ ಬಂದರೆ ಗೃಹ ಖಾತೆ ಬರುತ್ತದೆ, ಗೃಹ ಖಾತೆಯ ಅಡಿಯಲ್ಲಿ ಆ ರಾಜ್ಯದ ಸಂವಿಧಾನ ರಕ್ಷಣಾ ಕಚೇರಿ ಇದೆ. ಕೇಂದ್ರ ಮತ್ತು 16 ರಾಜ್ಯಗಳ ಕಚೇರಿಗಳು ತಮ್ಮ ತಮ್ಮ ಮಾಹಿತಿಯನ್ನು ಪರಸ್ಪರ ಹಂಚಿಕೊಳ್ಳುವುದು ಕಾನೂನಿನ ಪ್ರಕಾರ. ಎಎಫ್‌ಡಿಯ ಮೇಲಿನ ಕಡತದ ಒಂದು ಪ್ರತಿ ಆಗ ಎಎಫ್‌ಡಿ ಸಚಿವರ ಮೇಜಿಗೇ ಬರಬಹುದು.